ಹರಕೆಗೂ ಒಂದು ಸಾಲು, ಕೈಸಾಲಕ್ಕೂ ಒಂದು ಸಾಲು

ಹಾಲಾಡಿ, ಶಂಕರನಾರಾಯಣ, ಬಿದ್ಕಲ್‌ಕಟ್ಟೆ ಕಡೆಯ ಮನೆಗಳಲ್ಲಿ ಖರ್ಚಿನ ಪುಸ್ತಕವೇ ಇಲ್ಲ ಎನ್ನುವಂತಿಲ್ಲ. ಗ್ಯಾಸು, ಕರೆಂಟ್ ಬಿಲ್ಲು, ದಿನಸಿ, ಮಕ್ಕಳ ಫೀಸು ಎಲ್ಲವನ್ನೂ ರೂಪಾಯಿ ಬಿಡದೆ ಬರೆದಿರುತ್ತಾರೆ. ಆದರೂ 20ನೇ ತಾರೀಕು ಬರುವಷ್ಟರಲ್ಲಿ ಕೈ ಖಾಲಿ. ಎಲ್ಲಿ ಸೋರಿತು ಎಂದು ಪುಟ ತಿರುವಿದರೆ ಅಲ್ಲಿ ಕಾಣುವುದಿಲ್ಲ, ಯಾಕೆಂದರೆ ಸೋರಿದ್ದು ಬರೆಯದೇ ಬಿಟ್ಟ ಎರಡು ಬಾಬತ್ತಿನಲ್ಲಿ. ದೇವರಿಗೆ ಹೇಳಿಕೊಂಡದ್ದು ಒಂದು, ಸ್ನೇಹಿತರಿಗೆ ಕೊಟ್ಟದ್ದು ಮತ್ತು ಅವರಿಂದ ತಂದದ್ದು ಇನ್ನೊಂದು. ದೇವರ ಖರ್ಚಿಗೆ ಲೆಕ್ಕ ಹಾಕಿದರೆ ಪಾಪ, ದೋಸ್ತಿಯಲ್ಲಿ ಲೆಕ್ಕ ಇಟ್ಟರೆ ಸಣ್ಣತನ ಎಂಬ ಸಂಕೋಚ ನಮ್ಮವರಿಗೆ. ಸಂಕೋಚ ಬಿಟ್ಟು ಬರೆಯುವುದು ಹೇಗೆ ಎಂಬುದಷ್ಟೇ ಈ ಲೇಖನ.

ಉಳಿತಾಯದ ಅಭ್ಯಾಸ ಕರಾವಳಿಗೆ ಹೊಸದೇನಲ್ಲ. 1982ರಲ್ಲಿ ಬೆಳ್ತಂಗಡಿಯಲ್ಲಿ ಶುರುವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ, ಆಮೇಲೆ ಸಹಕಾರಿ ಬ್ಯಾಂಕಿನ ನವೋದಯ ಗುಂಪುಗಳು, ಸ್ತ್ರೀಶಕ್ತಿ ಸಂಘಗಳು ವಾರದ ಸಭೆ, ವಾರದ ಕಂತು ಎಂಬ ಶಿಸ್ತನ್ನು ಮನೆಮನೆಗೆ ತಂದವು. ಆ ಕಥೆ ಎಲ್ಲರಿಗೂ ಗೊತ್ತು. ಕೆಲಸಕ್ಕೆ ಬರೋಣ.

ಪುಸ್ತಕ ವರ್ಷದ್ದಾಗಲಿ

ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ಎಡ ಪುಟದಲ್ಲಿ ಬಂದದ್ದು, ಬಲ ಪುಟದಲ್ಲಿ ಹೋದದ್ದು. ತಿಂಗಳ ಸಂಬಳದವರ ಲೆಕ್ಕ ನಮಗೆ ಹೊಂದುವುದಿಲ್ಲ. ಅಡಿಕೆ ಹಣ ಒಂದು ಕಾಲಕ್ಕೆ, ಗೇರುಬೀಜದ್ದು ಬೇಸಗೆಯಲ್ಲಿ, ಬೆಂಗಳೂರು ಹೋಟೆಲಿನಲ್ಲಿರುವ ಮಗ ಕಳಿಸಿದಾಗ ಒಂದಿಷ್ಟು, ಗೃಹಲಕ್ಷ್ಮಿಯ 2,000 ರೂಪಾಯಿ ಜಮೆಯಾದಾಗ ಉಂಟು. ಮಳೆಗಾಲ ಹಿಡಿದರೆ ಗಾರೆ ಕೆಲಸ, ಕಲ್ಲು ಕೆಲಸ ನಿಲ್ಲುತ್ತದೆ. ಶಾಲೆ ಶುರುವಾಗುವುದೂ ಆಗಲೇ.

ಹಾಗಾಗಿ ವರ್ಷಕ್ಕೆ ಒಟ್ಟು ಎಷ್ಟು ಬರುತ್ತದೆಂದು ಮೊದಲು ಅಂದಾಜು ಮಾಡಿ, 12ರಿಂದ ಭಾಗಿಸಿ. ಉದಾಹರಣೆಗೆ ಎಂಟು ತಿಂಗಳು 18,000, ಮಳೆಗಾಲದ ನಾಲ್ಕು ತಿಂಗಳು 9,000 ಬರುವ ಮನೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 1,80,000, ತಿಂಗಳಿಗೆ 15,000. ಈ ಮನೆ 18,000 ಬಂದ ತಿಂಗಳೂ 15,000ದಲ್ಲೇ ನಡೆಯಬೇಕು. ಉಳಿದ 3,000 ಮಳೆಗಾಲದ ಪಾಲು. ಎಂಟು ತಿಂಗಳಿಗೆ 24,000 ಸೇರಿದರೆ ಜೂನ್‌ನಿಂದ ತಿಂಗಳಿಗೆ 6,000ದಂತೆ ತೆಗೆದು ಖರ್ಚು ಮಾಡಬಹುದು. ಈ ಹಣವನ್ನು ದಿನಬಳಕೆಯ ಖಾತೆಯಲ್ಲಿ ಮಾತ್ರ ಇಡಬೇಡಿ. ಫೋನಿನಲ್ಲಿ ಕಾಣುವ ದುಡ್ಡು ಉಳಿಯುವುದಿಲ್ಲ.

ವಾರದ ಕಂತಿನ ವಿಷಯದಲ್ಲಿ ಬಹಳ ಮನೆಗಳ ಲೆಕ್ಕ ತಪ್ಪಿರುತ್ತದೆ. ವಾರಕ್ಕೆ 600 ಕಟ್ಟುವವರು ತಿಂಗಳಿಗೆ 2,400 ಎಂದು ಬರೆಯುತ್ತಾರೆ. ವರ್ಷದಲ್ಲಿರುವುದು 52 ವಾರ, 48 ಅಲ್ಲ. ವಾರದ ಕಂತನ್ನು 13ರಿಂದ ಗುಣಿಸಿ 3ರಿಂದ ಭಾಗಿಸಿ, 2,600 ಬರುತ್ತದೆ. ತಿಂಗಳಿಗೆ ಕಾಣದ ಈ 200 ರೂಪಾಯಿಯೇ ಐದು ವಾರ ಬಿದ್ದ ತಿಂಗಳು ಪಕ್ಕದ ಮನೆಗೆ ಕೈಯೊಡ್ಡಿಸುವುದು.

ದೇವರ ಸಾಲು

ಮನೆಯವರೆಲ್ಲ ಕೂತು, ಹೇಳಿಕೊಂಡು ತೀರಿಸದೆ ಉಳಿದ ಹರಕೆಗಳನ್ನು ಪಟ್ಟಿ ಮಾಡಿ. ಅಜ್ಜಿ ಆಸ್ಪತ್ರೆಯಲ್ಲಿದ್ದಾಗ ಹೇಳಿಕೊಂಡದ್ದು, ಮಗಳ ಪರೀಕ್ಷೆಗೆ ಹೇಳಿಕೊಂಡದ್ದು, ಕಮಲಶಿಲೆಗೆ, ಮಾರಣಕಟ್ಟೆಗೆ, ಆನೆಗುಡ್ಡೆಗೆ, ಧರ್ಮಸ್ಥಳಕ್ಕೆ. ಪ್ರತಿಯೊಂದರ ಎದುರು ಇಂದಿನ ದರ ಬರೆಯಿರಿ. ಸೇವೆಯ ರಶೀದಿ ದುಡ್ಡಷ್ಟೇ ಬರೆದರೆ ಸಾಲದು. ಬಾಡಿಗೆ ಕಾರು, ಹೂವು-ಹಣ್ಣು, ಜೊತೆಗೆ ಬಂದವರ ಊಟ ಸೇರಿಸಿದರೆ ರಶೀದಿಗಿಂತ ಅದೇ ದೊಡ್ಡದಾಗುತ್ತದೆ. ಒಟ್ಟು ಮೊತ್ತವನ್ನು 24 ತಿಂಗಳಿಗೆ ಹಂಚಿ, ತಿಂಗಳ ಪಾಲನ್ನು ಮುಡಿಪಿನ ಡಬ್ಬಿಗೆ ಹಾಕಿ. ಮುಡಿಪು ಕಟ್ಟುವುದು ನಮ್ಮ ಹಿರಿಯರಿಗೆ ಗೊತ್ತಿದ್ದ ಬಜೆಟ್ಟು. ಬೇರೆ ಯಾವ ಉಳಿತಾಯ ಒಡೆದರೂ ಅದನ್ನು ಮುಟ್ಟುತ್ತಿರಲಿಲ್ಲ.

ಮಂದಾರ್ತಿ ಮೇಳದ ಹರಕೆ ಆಟಕ್ಕೆ ಎಷ್ಟೋ ವರ್ಷ ಮೊದಲೇ ಹೆಸರು ಬರೆಸಿ ಕಾಯುವವರು ನಮ್ಮಲ್ಲಿದ್ದಾರೆ. ಕಾಯುವ ವರ್ಷಗಳೇ ಉಳಿತಾಯದ ವರ್ಷಗಳು. ಸರದಿ ಬಂದ ಮೇಲೆ ಸಾಲಕ್ಕೆ ಓಡುವುದು ಮಾತ್ರ ನನಗೆ ಅರ್ಥವಾಗುವುದಿಲ್ಲ. ಒಬ್ಬರಿಗೇ ಭಾರ ಎನಿಸಿದರೆ ಹತ್ತು ಸಮಸ್ತರ ಲೆಕ್ಕದಲ್ಲಿ ಊರವರು ಸೇರಿ ಆಡಿಸುವ ಕ್ರಮ ಇದ್ದೇ ಇದೆ, ಅದರಲ್ಲಿ ಮರ್ಯಾದೆ ಹೋಗುವುದಿಲ್ಲ. ಕಾಸು ಬಿಡದ ತಿಮ್ಮಪ್ಪ ಎನ್ನುತ್ತಾರೆ ನಿಜ, ಆದರೆ ತಿಮ್ಮಪ್ಪ ಬಡ್ಡಿ ಹಾಕಿದ್ದನ್ನು ಯಾರೂ ಕಂಡಿಲ್ಲ. ಕಂತೂ ಹರಕೆಯೂ ಒಂದೇ ವಾರ ಎದುರಾದರೆ ಕಂತು ಮೊದಲು.

ದೋಸ್ತಿಯ ಸಾಲು

ಕೈಸಾಲಕ್ಕೆ ಪುಸ್ತಕದ ಹಿಂಬದಿಯಲ್ಲಿ ಎರಡು ಪುಟ ಮೀಸಲಿಡಿ. ಕೊಟ್ಟದ್ದು, ತಂದದ್ದು, ತಾರೀಕು, ಯಾವಾಗ ವಾಪಸ್ ಎಂಬ ಮಾತು. ಕೊಡುವಾಗ ಖಾತೆಯಿಂದ ಖಾತೆಗೆ ಕಳಿಸಿ, ಷರಾದಲ್ಲಿ 'ಕೈಸಾಲ' ಎಂದು ಬರೆಯಿರಿ. 20,000 ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವಂತಿಲ್ಲ ಎಂದು ಆದಾಯ ತೆರಿಗೆ ಕಾನೂನೇ ಹೇಳುತ್ತದೆ. ಇಬ್ಬರಿಗೂ ಕೃಷಿ ಆದಾಯ ಮಾತ್ರ ಇದ್ದರೆ ವಿನಾಯಿತಿ. ಇನ್ನೊಂದು ಸಂಗತಿ ಹೆಚ್ಚಿನವರಿಗೆ ತಿಳಿದಿಲ್ಲ: ಕೊಟ್ಟ ದಿನದಿಂದ ಮೂರು ವರ್ಷ ಕಳೆದರೆ ಕೈಸಾಲಕ್ಕೆ ನ್ಯಾಯಾಲಯದಲ್ಲಿ ದಾವೆ ಹಾಕಲು ಬರುವುದಿಲ್ಲ. ಅಷ್ಟರೊಳಗೆ ಸಾಲಗಾರರು 'ಇಷ್ಟು ಬಾಕಿ ಇದೆ' ಎಂದು ಬರೆದು ಸಹಿ ಹಾಕಿದರೆ ಆ ದಿನದಿಂದ ಮತ್ತೆ ಮೂರು ವರ್ಷ. ಕೋರ್ಟಿಗೆ ಹೋಗಿ ಎಂದು ಹೇಳುತ್ತಿಲ್ಲ. ಬರೆದಿಟ್ಟದ್ದು ಇದ್ದರೆ ಹೋಗುವ ಪ್ರಸಂಗವೇ ಬರುವುದಿಲ್ಲ.

ಹೆಸರು ಕೊಡಬೇಡಿ

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಷ್ಟು ಬರೆದದ್ದರಲ್ಲಿ ಒಂದನ್ನೇ ಓದುವುದಾದರೆ ಇದನ್ನು ಓದಿ.

"ಹ್ವಾಯ್ ಅಕ್ಕ, ನಿಮ್ಮ್ ಹೆಸ್ರಂಗೆ ಒಂದ್ ಸಾಲ ತೆಗ್ದ್ ಕೊಡಿ ಕಾಂಬ, ವಾರ ವಾರ ಕಂತ್ ನಾನೇ ಕಟ್ತೆ." ಕೇಳುವವರು ಒಳ್ಳೆಯವರೇ, ಹೆರಿಗೆಗೆ ನಿಂತವರು, ಜ್ವರಕ್ಕೆ ಗಂಜಿ ತಂದವರು. ಅವರ ಹೆಸರಿನಲ್ಲಿ ಆಗಲೇ ಸಾಲ ಇರುತ್ತದೆ, ನಿಮ್ಮದು ಖಾಲಿ ಇರುತ್ತದೆ. ನಿಮ್ಮ ಕೈಯಿಂದ ಒಂದು ಪೈಸೆ ಹೋಗುವುದಿಲ್ಲ, ಒಂದು ಸಹಿ ಅಷ್ಟೆ. ಇಲ್ಲ ಎನ್ನಲು ಬಾಯಿ ಬರುವುದಿಲ್ಲ.

ಆ ಸಹಿಯ ನಂತರ ಕಾಗದದಲ್ಲಿ ಏನಿದೆ ನೋಡಿ. ಸಾಲಗಾರರು ನೀವು. ಹಣ ಬಳಸಿದವರ ಹೆಸರು ಎಲ್ಲೂ ಇಲ್ಲ. ಅವರು ಜಾಮೀನುದಾರರೂ ಅಲ್ಲ, ಸಾಕ್ಷಿಯೂ ಅಲ್ಲ. ಎಂಟು ತಿಂಗಳು ಸರಿಯಾಗಿ ಕಟ್ಟುತ್ತಾರೆ. ಒಂಬತ್ತನೆಯ ತಿಂಗಳು ಅವರ ಯಜಮಾನರಿಗೆ ಕೆಲಸ ತಪ್ಪುತ್ತದೆ. ಕಂತು ಕೇಳಿಕೊಂಡು ಬರುವವರು ನಿಮ್ಮ ಜಗಲಿಗೇ ಬರುತ್ತಾರೆ, ಬಾಕಿ ಬಿದ್ದ ದಾಖಲೆ ನಿಮ್ಮ ಆಧಾರ್-ಪ್ಯಾನ್ ಹಿಂದೆ ಬೀಳುತ್ತದೆ. ನಾಳೆ ನಿಮ್ಮ ಮಗನ ಶಿಕ್ಷಣ ಸಾಲಕ್ಕೆ ಬ್ಯಾಂಕಿನವರು ನೋಡುವುದು ಅದನ್ನೇ. ಅವರು ಸರಿಯಾಗಿ ಕಟ್ಟಿದರೂ ನಷ್ಟ ಇಲ್ಲವೆಂದಲ್ಲ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಮೈಕ್ರೋಫೈನಾನ್ಸ್ ಸಾಲ ಕೊಡುವಾಗ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಮೇಲೆ ಹೇಳಿದ 15,000ದ ಮನೆಗೆ 7,500 ಮಿತಿ. ಬೇರೆಯವರ ಸಾಲ ಅದರಲ್ಲಿ 3,000 ತಿಂದರೆ, ನಿಮ್ಮ ಮನೆಯ ಹಂಚು ಹಾರಿದ ದಿನ ನಿಮಗೆ ಸಿಗುವುದು ಅಷ್ಟು ಕಡಿಮೆ.

"ದೇವಸ್ಥಾನದಲ್ಲಿ ಪ್ರಮಾಣ ಮಾಡಿದ್ದಾರೆ" ಎನ್ನುತ್ತಾರೆ ಕೆಲವರು. ಪ್ರಮಾಣ ಮಾಡಿದವರ ನಿಯತ್ತಿನ ಮೇಲೆ ನನಗೂ ಅನುಮಾನವಿಲ್ಲ. ದುಡ್ಡೇ ಇಲ್ಲದಾಗ ನಿಯತ್ತು ಕಂತು ಕಟ್ಟುವುದಿಲ್ಲ. ಆಣೆ ಹಾಕಿಸಿದ ಮೇಲೆ ಅವರು ನಿಮ್ಮ ಮುಖ ನೋಡುವುದನ್ನೂ ಬಿಡುತ್ತಾರೆ, ಆಗ ದುಡ್ಡೂ ಹೋಯಿತು, ಗಂಜಿ ತಂದ ಕೈಯೂ ಹೋಯಿತು.

ಇಲ್ಲ ಎನ್ನುವುದು ಹೇಗೆ? ಬರಿಗೈಯಲ್ಲಿ ಕಳಿಸಬೇಡಿ. "ಹೆಸ್ರ್ ಕೊಡುಕೆ ಆತಿಲ್ಲೆ, ಇದ್ ಇಟ್ಕಣಿ" ಎಂದು, ಬಾರದೇ ಹೋದರೂ ನಿಮ್ಮ ಮನೆ ಅಲ್ಲಾಡದಷ್ಟು ಮೊತ್ತವನ್ನು ನಿಮ್ಮದೇ ಹಣದಿಂದ ಕೊಡಿ. ಪುಸ್ತಕದಲ್ಲಿ ಅದನ್ನು ಖರ್ಚೆಂದೇ ಬರೆಯಿರಿ. ವಾಪಸ್ ಬಂದರೆ ಲಾಭ. ಅವರ ಹೆಸರಿನಲ್ಲೇ ಚಿನ್ನದ ಸಾಲ ಸಿಗುತ್ತದೆಯೇ ಎಂದು ಸಹಕಾರಿ ಸಂಘಕ್ಕೆ ಜೊತೆಯಲ್ಲಿ ಹೋಗಿ ವಿಚಾರಿಸಿ. ಆ ಓಡಾಟವೂ ಸಹಾಯವೇ.

ಈಗಾಗಲೇ ಹೆಸರು ಕೊಟ್ಟಾಗಿದ್ದರೆ, ಇವತ್ತೇ ಒಂದು ಹಾಳೆಯಲ್ಲಿ ಎಷ್ಟು ಸಾಲ, ಎಷ್ಟು ಕಟ್ಟಿದೆ, ಎಷ್ಟು ಬಾಕಿ ಎಂದು ಬರೆಸಿ, ಇಬ್ಬರು ಸಾಕ್ಷಿಗಳೊಂದಿಗೆ ಸಹಿ ಮಾಡಿಸಿಕೊಳ್ಳಿ. ಕಂತಿನ ಹಣ ಅವರ ಖಾತೆಯಿಂದ ನಿಮ್ಮ ಖಾತೆಗೆ ಬರಲಿ, ಅಲ್ಲಿಂದ ನೀವು ಕಟ್ಟಿ. ಸಾಲದ ಪಾಸ್‌ಬುಕ್ ನಿಮ್ಮ ಕಪಾಟಿನಲ್ಲೇ ಇರಲಿ. ಅರ್ಧ ತೀರಿದ ಮೇಲೆ "ಇದನ್ನೇ ಹೆಚ್ಚಿಸಿ ಕೊಡುತ್ತಾರಂತೆ" ಎಂಬ ಮಾತು ಬಂದೇ ಬರುತ್ತದೆ. ಆಗ ಮನೆಯವರನ್ನೆಲ್ಲ ಕೂರಿಸಿಕೊಂಡೇ ಉತ್ತರ ಹೇಳಿ.

ಸ್ನೇಹಿತರು ಬೇಕಾಗುವುದು ಎಲ್ಲಿ

ಮೂರು ನಾಲ್ಕು ಮನೆಯವರು ಸೇರಿ ತಿಂಗಳಿಗೊಮ್ಮೆ ಪುಸ್ತಕ ತೆರೆಯಿರಿ. ಎಲ್ಲ ಅಂಕಿ ತೋರಿಸಬೇಕೆಂದಿಲ್ಲ, ಈ ತಿಂಗಳು ಎಲ್ಲಿ ತಪ್ಪಿತು ಎಂದು ಹೇಳಿದರೆ ಸಾಕು. ಮಳೆಗಾಲದ ಅಕ್ಕಿ, ಎಣ್ಣೆಯನ್ನು ಕುಂದಾಪುರದಿಂದ ಒಟ್ಟಿಗೆ ತಂದರೆ ಬಾಡಿಗೆ ಹಂಚಿಹೋಗುತ್ತದೆ. ತೋಟದ ಕೆಲಸಕ್ಕೆ ಆಳಿನ ಬದಲು ಮುಯ್ಯಾಳು ಮಾಡಿ. ಮದುವೆ ಕಾಲದಲ್ಲಿ ಚಿನ್ನವನ್ನು ಒಬ್ಬರಿಂದೊಬ್ಬರು ತೊಟ್ಟುಕೊಳ್ಳಲು ತರುವುದಿದ್ದರೆ ಫೋಟೊ ತೆಗೆದಿಟ್ಟುಕೊಳ್ಳಿ. ಚೀಟಿ ಹಾಕುವುದಾದರೆ ನೋಂದಣಿ ಇರುವಲ್ಲಿ ಮಾತ್ರ.

ಜಾಗ ಮುಗಿಯುತ್ತ ಬಂತು, ಉಳಿದದ್ದು ಚುಟುಕಾಗಿ. ಸಹಕಾರಿ ಸಂಘದಲ್ಲಿ 5 ಲಕ್ಷದವರೆಗಿನ ಶೂನ್ಯ ಬಡ್ಡಿ ಬೆಳೆ ಸಾಲದ ಗಡುವಿಗೆ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿ, ಗಡುವು ದಾಟಿದರೆ ಆ 'ಶೂನ್ಯ' ಉಳಿಯುವುದಿಲ್ಲ. ಅಂಚೆ ಕಚೇರಿ ಆರ್‌.ಡಿ. ತಿಂಗಳಿಗೆ 100 ರೂಪಾಯಿಯಿಂದಲೂ ಶುರು ಮಾಡಬಹುದು, ಅವಧಿ 5 ವರ್ಷ. ಬ್ಯಾಂಕಿನಲ್ಲಿ 436 ರೂಪಾಯಿಯ ಜೀವನ್ ಜ್ಯೋತಿ ವಿಮೆ (18ರಿಂದ 50 ವಯಸ್ಸು) ಮತ್ತು 20 ರೂಪಾಯಿಯ ಸುರಕ್ಷಾ ಅಪಘಾತ ವಿಮೆ (70ರವರೆಗೆ) ಎರಡನ್ನೂ ಮಾಡಿಸಿ, ನಾಮಿನಿ ಹೆಸರು ಸರಿ ಇದೆಯೇ ನೋಡಿ. ಕಂತು ಕಡಿತವಾಗುವುದು ಮೇ ಕೊನೆಗೆ. ಆ ವಾರ ಖಾತೆಯಲ್ಲಿ 456 ರೂಪಾಯಿ ಇರಲೇಬೇಕು.