ಪಾಯಿಂಟ್ ತಿರುಗಿದ ಮೇಲೆ ದೀಪ

ಮಗೂ, ಆಟದ ರೈಲಿನ ಹಳಿ ಹಾಸುವ ಕೆಲಸ ಮುಗಿಯಿತು, ಇನ್ನು ಪ್ಯಾನೆಲ್ಲಿಗೆ ಪಾಯಿಂಟಿನ ದಿಕ್ಕು ತೋರಿಸುವ ಎಲ್‌ಇಡಿ ಕೂರಿಸುವುದೊಂದೇ ಬಾಕಿ ಅಂದೆಯಲ್ಲ. ಸೋಲ್ಡರಿಂಗ್ ಐರನ್ ಕಾಯಿಸುವ ಮೊದಲು ಒಂದು ಮಾತು ಕೇಳು.

ಆ ದೀಪಗಳಿಗೆ ನೀನು ಒತ್ತುವ ಗುಂಡಿಯಿಂದ ತಂತಿ ಎಳೆಯಬೇಡ. ಗುಂಡಿಗೆ ಗೊತ್ತಿರುವುದು ನಿನ್ನ ಇಚ್ಛೆ ಮಾತ್ರ. ಜಲ್ಲಿಯ ಚೂರೊಂದು ಸಿಕ್ಕಿಕೊಂಡು, ಗಾಡಿಯ ದಾರಿ ಬದಲಿಸುವ ಪಾಯಿಂಟ್ ಅರ್ಧಕ್ಕೇ ನಿಂತರೂ ಹಸಿರು ಹತ್ತಿಕೊಂಡೇ ಇರುತ್ತದೆ, ಅದನ್ನು ನಂಬಿ ನೀನು ಗಾಡಿ ಬಿಡುತ್ತೀಯ. ನಮ್ಮ ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರು ಗುಂಡಿ ಒತ್ತಿದ ಮಾತ್ರಕ್ಕೆ ಸಿಗ್ನಲ್ ಬೀಳುವುದಿಲ್ಲ. ಪಾಯಿಂಟ್ ಪೂರ್ತಿ ತಿರುಗಿ, ಬಿಗಿಯಾಗಿ ಕೂತು, ಲಾಕ್ ಆಯಿತೆಂದು ಹಳಿಯ ಪಕ್ಕದ ಯಂತ್ರದೊಳಗಿನ ಕಾಂಟ್ಯಾಕ್ಟ್ ಹೇಳಬೇಕು. ಆಮೇಲಷ್ಟೇ ಮುಂದಿನದು. ಆಟದ ಗಾಡಿಗೂ ಅದೇ ಶಿಸ್ತು ಇರಲಿ ಎಂದು ನನ್ನ ಆಸೆ.

ಅದಕ್ಕೆ ಬೇಕಿರುವುದು ಒಂದು ಮೈಕ್ರೋಸ್ವಿಚ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. ಪಾಯಿಂಟನ್ನು ಎಳೆಯುವ ಅಡ್ಡಪಟ್ಟಿಯೇ ಅದರ ಸನ್ನೆಯನ್ನು ಒತ್ತುವಂತೆ ಕೂರಿಸು. ಮೋಟಾರಿನ ತೋಳಿಗೆ ಕಟ್ಟಿದರೆ ಮೋಟಾರು ತಿರುಗಿದ್ದು ತಿಳಿಯುತ್ತದೆ, ಹಳಿ ತಿರುಗಿದ್ದು ತಿಳಿಯುವುದಿಲ್ಲ. 12 ವೋಲ್ಟ್ ಡಿಸಿಯ ಪ್ಲಸ್ಸನ್ನು ರೆಸಿಸ್ಟರ್ ದಾಟಿಸಿ ಸ್ವಿಚ್ಚಿನ ಕಾಮನ್ನಿಗೆ ಕೊಡು. ಉಳಿದ ಎರಡು ಕಾಲುಗಳಿಂದ ಒಂದೊಂದು ಎಲ್‌ಇಡಿಯ ಉದ್ದ ಕಾಲಿಗೆ ತಂತಿ, ಗಿಡ್ಡ ಕಾಲು ಮೈನಸ್ಸಿಗೆ. ಒಮ್ಮೆಗೆ ಒಂದೇ ದೀಪ ಉರಿಯುವುದರಿಂದ ಇಲ್ಲಿ ಎರಡಕ್ಕೂ ಸೇರಿ ಒಂದೇ ರೆಸಿಸ್ಟರ್ ಸಾಕು. ಒಟ್ಟಿಗೆ ಉರಿಯುವ ದೀಪಗಳಿಗೆ ಮಾತ್ರ ಈ ಉಳಿತಾಯ ಬೇಡ, ಒಂದೊಂದಕ್ಕೂ ಬೇರೆ ಬೇರೆ ಹಾಕು.

ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಿನ್ನುತ್ತದೆ. ಮಿಕ್ಕ 10 ವೋಲ್ಟನ್ನು ರೆಸಿಸ್ಟರ್ ಹೊರಬೇಕು. 1 ಕಿಲೋಓಮ್ ಹಾಕಿದರೆ 10 ಮಿಲಿಆಂಪ್ ಹರಿಯುತ್ತದೆ. ಲೆಕ್ಕಕ್ಕೆ ಸರಿ, ಕಣ್ಣಿಗೆ ಜಾಸ್ತಿ. ಈಗಿನ ಎಲ್‌ಇಡಿಗಳು ಬಹಳ ಪ್ರಖರ. ನನ್ನನ್ನು ಕೇಳಿದರೆ 2.2 ಕಿಲೋಓಮ್ ಹಾಕು, ಅಂದರೆ ಕೆಂಪು ಪಟ್ಟಿ ಮೂರು ಇರುವುದು. ಕತ್ತಲೆಯ ಕೋಣೆಯಲ್ಲಿ ಗಾಡಿ ಓಡಿಸುವಾಗ ಆ ತಣ್ಣನೆಯ ಬೆಳಕೇ ಚೆಂದ. ಕಾಲು ವ್ಯಾಟಿನ ರೆಸಿಸ್ಟರ್ ಧಾರಾಳವಾಗಿ ತಡೆಯುತ್ತದೆ.

ಹಳಿಯಿಂದಲೇ ಕರೆಂಟ್ ಕದಿಯುವ ಆಸೆ ಬರಬಹುದು, ಬಿಡು. ಡಿಸಿ ಲೇಔಟಾದರೆ ಗಾಡಿ ನಿಧಾನವಾದಂತೆ ದೀಪ ಮಂಕಾಗುತ್ತದೆ. ಡಿಸಿಸಿ, ಅಂದರೆ ಡಿಜಿಟಲ್ ಹತೋಟಿ, ಆದರೆ ಹಳಿಯ ಪ್ಲಸ್ ಮೈನಸ್ ಕ್ಷಣಕ್ಷಣಕ್ಕೂ ಅದಲುಬದಲು. ಬಹುಪಾಲು ಎಲ್‌ಇಡಿಗಳು ಉಲ್ಟಾ ದಿಕ್ಕಿನಲ್ಲಿ 5 ವೋಲ್ಟಿಗಿಂತ ಹೆಚ್ಚು ತಾಳುವುದಿಲ್ಲ. ದೀಪಗಳಿಗೆಂದೇ ಬೇರೆ ಅಡಾಪ್ಟರ್ ಇಟ್ಟುಬಿಡು.

ಮತ್ತೆ, ತಂತಿಯ ಎರಡೂ ತುದಿಗೆ ಚೀಟಿ ಅಂಟಿಸಿಯೇ ಮೇಜಿನ ಕೆಳಗೆ ನುಗ್ಗು. ಅಂಗಾತ ಮಲಗಿ ಮೇಲೆ ನೋಡುವಾಗ ಎಡಬಲ ತಿರುವುಮುರುವಾಗುತ್ತದೆ, ಆಗ ಬರೆದ ಚೀಟಿಯನ್ನು ನಂಬುವ ಹಾಗಿಲ್ಲ.