ಮುಳ್ಳಿನ ಮರೆಯಲ್ಲಿ ಸಸಿಮಡಿ: ಕವಳೆ

ಮಕ್ಕಳೇ, ಹಾಸನ ಜಿಲ್ಲೆಯ ಪಶ್ಚಿಮಕ್ಕೆ ಸಕಲೇಶಪುರದ ದಟ್ಟ ಕಾಡುಗಳಿವೆ. ಪೂರ್ವಕ್ಕೆ ಬಂದಂತೆ ಮಳೆ ಕಡಿಮೆ. ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆ ವರ್ಷಕ್ಕೆ ಸುಮಾರು 700 ಮಿ.ಮೀ. ಅಷ್ಟೆ. ಇಲ್ಲಿನ ಗುಡ್ಡಗಳಲ್ಲೂ ಅರಕಲಗೂಡಿನ ಒಣ ಭಾಗಗಳಲ್ಲೂ ಕುರುಚಲು ಕಾಡು ಬೆಳೆಯುತ್ತದೆ. ಕವಳೆ ಇಂಥ ಕಾಡಿನ ಪೊದೆ. ಕರಾವಳಿಯ ಮುರಕಲ್ಲು ಗುಡ್ಡಗಳಲ್ಲೂ ಇದೆ; ಅಲ್ಲಿ ಕರಂಡೆ ಎನ್ನುತ್ತಾರೆ.

ಕವಳೆಯ ಬಿಳಿ ಹೂವಿಗೆ ಐದು ಎಸಳು, ಮಲ್ಲಿಗೆಯಂಥ ಪರಿಮಳ. ಆದರೆ ಇದು ಮಲ್ಲಿಗೆಯ ನೆಂಟನಲ್ಲ, ಕಣಗಿಲೆಯ ಕುಟುಂಬದ್ದು. ಎಲೆ ಕಿತ್ತರೆ ಹಾಲು ಒಸರುತ್ತದೆ. ಕಣಗಿಲೆ ವಿಷ; ಕವಳೆಯ ಮಾಗಿದ ಹಣ್ಣು ಮಾತ್ರ ಬಲು ರುಚಿ! ಹೂವಿನ ಬುಡ ಕಿರಿದಾದ ಕೊಳವೆ. ಅದರ ತಳದ ಮಕರಂದ ಎಟಕುವುದು ಉದ್ದ ಹೀರುನಳಿಕೆಯ ಪತಂಗ, ಚಿಟ್ಟೆಗಳಿಗೆ. ಕತ್ತಲಲ್ಲಿ ಪತಂಗಕ್ಕೆ ದಾರಿ ತೋರುವುದು ಬಿಳಿ ಬಣ್ಣ ಮತ್ತು ಪರಿಮಳ.

ಹಣ್ಣಿಗೆ ಪಿಕಳಾರಗಳು ಬರುತ್ತವೆ. ಬೇರೆಡೆ ತಿಂದ ಬೇವು, ಶ್ರೀಗಂಧದ ಬೀಜಗಳನ್ನು ಪೊದೆಯಲ್ಲಿ ಕುಳಿತು ಉದುರಿಸುತ್ತವೆ. ಪೊದೆಯಡಿ ನೆರಳಿದೆ, ತರಗೆಲೆ ಮುಚ್ಚಿದ ತೇವದ ಮಣ್ಣಿದೆ. ಮುಳ್ಳಿಗೆ ಹೆದರಿ ಮೇಕೆ ಬಾಯಿ ಹಾಕುವುದಿಲ್ಲ. ಬಯಲಲ್ಲಿ ಉಳಿಯದ ಸಸಿ ಇಲ್ಲಿ ಉಳಿಯುತ್ತದೆ. ಶ್ರೀಗಂಧಕ್ಕಂತೂ ನೆರೆಯ ಗಿಡ ಬೇಕೇ ಬೇಕು. ಅದು ತನ್ನ ಬೇರನ್ನು ನೆರೆಯ ಬೇರಿಗೆ ಅಂಟಿಸಿ ನೀರು, ಲವಣ ಹೀರುತ್ತದೆ.

ಮುಳ್ಳುಪೊದೆಯೆಂದು ಕವಳೆಯನ್ನು ಸವರಿದರೆ ಈ ಸಸಿಮಡಿಯೂ ಹೋಗುತ್ತದೆ. ಖಾಲಿಯಾದ ಜಾಗಕ್ಕೆ ಅಮೆರಿಕ ಖಂಡದಿಂದ ಬಂದ ಲಂಟಾನ ನುಗ್ಗುತ್ತದೆ. ಅದರ ಹಣ್ಣನ್ನೂ ಹಕ್ಕಿಗಳು ತಿನ್ನುತ್ತವೆ, ನಿಜ. ಆದರೆ ಅದು ಒತ್ತಾಗಿ ಹಬ್ಬಿದಲ್ಲಿ ಬೆಳಕು ನೆಲ ಮುಟ್ಟುವುದಿಲ್ಲ, ಸಸಿಗಳು ಏಳುವುದಿಲ್ಲ.

ನಿಮ್ಮೂರ ಗೋಮಾಳದ ಕವಳೆ ಪೊದೆಯೊಳಗೆ ಇಣುಕಿ ನೋಡಿ. ಯಾವ ಮರದ ಸಸಿಗಳಿವೆ? ಎಣಿಸಿ, ಹೆಸರು ಬರೆದುಕೊಳ್ಳಿ. ಮುಳ್ಳು ಜೋಕೆ!