ಆಯ್ಸ್ಟರ್ ಬಾರ್ ಕೌಂಟರ್‌ನಲ್ಲಿ ಒಂದು ಪಾಠ

ಈ ಸಲ ಕ್ಲಬ್‌ನ ಸೀನಿಯರ್ಸ್ "ಸಿಲಬಸ್‌ನಲ್ಲಿ ಇಲ್ಲದ ಒಂದು ಟಾಪಿಕ್ ತಗೊಂಡು ಕನ್ನಡದಲ್ಲಿ ಪಾಠ ಮಾಡು" ಅಂದರು. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ತಪ್ಪಿದ್ದರೆ ದಯವಿಟ್ಟು ಕ್ಷಮಿಸಿ, ಅಥವಾ ಪ್ರೂಫ್ ನೋಡಿದವರನ್ನ ಹಿಡ್ಕೊಳ್ಳಿ. ನಾನು ಆರಿಸಿದ ಟಾಪಿಕ್ ಆಯ್ಸ್ಟರ್ ಬಾರ್. ಅಂದರೆ ಜೀವಂತ ಸಿಂಪಿಯನ್ನ ನಿಮ್ಮ ಕಣ್ಣೆದುರೇ ಬಿಡಿಸಿ, ಐಸ್ ಮೇಲೆ ಜೋಡಿಸಿ, ಹಸಿಯಾಗೇ ಕೊಡೋ ಜಾಗ. ವಾರ್ಡನ್ ಗಾಬರಿ ಆಗೋದು ಬೇಡ, ಇಲ್ಲಿ ಬಾರ್ ಅಂದರೆ ಉದ್ದನೆಯ ಕೌಂಟರ್ ಅಷ್ಟೇ. (ಬಿಯರ್ ಕೂಡ ಸಿಗುತ್ತೆ, ಅದು ಬೇರೆ ಮಾತು.)

ಸೆಕೆಂಡ್ ಸೆಮ್ ಮುಗಿದ ರಜದಲ್ಲಿ ನ್ಯೂಜೆರ್ಸಿಯಲ್ಲಿರೋ ಅಕ್ಕನ ಮನೆಗೆ ಹೋಗಿದ್ದೆ. ಒಂದು ಮಧ್ಯಾಹ್ನ ಭಾವ ನನ್ನನ್ನೂ ಅಕ್ಕನನ್ನೂ ನ್ಯೂಯಾರ್ಕ್‌ನ ಗ್ರ್ಯಾಂಡ್ ಸೆಂಟ್ರಲ್ ಆಯ್ಸ್ಟರ್ ಬಾರ್‌ಗೆ ಕರ್ಕೊಂಡು ಹೋದರು. ಗ್ರ್ಯಾಂಡ್ ಸೆಂಟ್ರಲ್ ಅನ್ನೋದು ರೈಲ್ವೆ ಸ್ಟೇಷನ್, 1913ರಲ್ಲಿ ಶುರುವಾಗಿದ್ದು. ಅದರ ಕೆಳಮಹಡಿಯಲ್ಲಿ ಅದೇ ವರ್ಷ ಶುರುವಾದ ಈ ಹೋಟೆಲ್ ಇದೆ. ರೈಲು ಹಿಡಿಯೋ ಮುಂಚೆ ಅರ್ಧ ಗಂಟೆ ಸಿಕ್ಕಿದವರು ಬಂದು ಸ್ಟೂಲ್ ಮೇಲೆ ಕೂರ್ತಾರೆ, ಆರು ಸಿಂಪಿ ತಿಂತಾರೆ, ಎದ್ದು ಹೋಗ್ತಾರೆ. ಒಂಥರಾ ನಮ್ಮ ಮೆಜೆಸ್ಟಿಕ್ ಪಕ್ಕದ ದರ್ಶಿನಿ, ಬಿಲ್ ಒಂದನ್ನ ಬಿಟ್ಟು.

ಸಿವಿಲ್‌ನವರಿಗೆ ಒಂದು ಮಾತು. ಅಲ್ಲಿ ಊಟಕ್ಕಿಂತ ಮೊದಲು ತಲೆ ಎತ್ತಿ ನೋಡಿ. ಕಮಾನಿನಾಕಾರದ ಛಾವಣಿ, ಪೂರ್ತಿ ತೆಳ್ಳನೆಯ ಹೆಂಚುಬಿಲ್ಲೆ. ಇದು ಗುಸ್ತಾವಿನೋ ಕಂಪನಿಯವರ ಕೆಲಸ. ಸ್ಪೇನ್‌ನಿಂದ 1881ರಲ್ಲಿ ಅಮೆರಿಕಕ್ಕೆ ಬಂದ ರಫಾಯೆಲ್ ಗುಸ್ತಾವಿನೋ ಶುರು ಮಾಡಿದ ಕಂಪನಿ. ಗಾರೆ ಬೇಗ ಗಟ್ಟಿ ಆಗೋದರಿಂದ ಕೆಳಗಡೆ ದೊಡ್ಡ ಸೆಂಟ್ರಿಂಗ್ ಕೊಡದೇ ಬಿಲ್ಲೆಗೆ ಬಿಲ್ಲೆ ಅಂಟಿಸುತ್ತಾ ಪದರದ ಮೇಲೆ ಪದರ ಕಟ್ಟಬಹುದು. ಲೋಡ್ ಕಂಪ್ರೆಷನ್‌ನಲ್ಲೇ ಇಳಿಯುತ್ತೆ. ಹೋಟೆಲ್‌ನ ಹೊರಗೆ ಇದೇ ಥರದ ಕಮಾನಿನ ಕೆಳಗೆ ಎದುರು ಬದುರು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತು ಪಿಸುಗುಟ್ಟಿದರೆ ಆಚೆ ಮೂಲೆಯಲ್ಲಿ ಕೇಳುತ್ತೆ. ಶಬ್ದ ಬಾಗಿದ ಛಾವಣಿಯನ್ನೇ ಹಿಡಿದು ಆಚೆ ಇಳಿಯುತ್ತೆ. ನಾನು ಅಕ್ಕನಿಗೆ "ಐವತ್ತು ಡಾಲರ್ ಕೊಡು" ಅಂತ ಪಿಸುಗುಟ್ಟಿದೆ. ಸ್ಪಷ್ಟವಾಗಿ ಕೇಳಿದೆ ಅಂತ ಅವಳ ಮುಖದಲ್ಲೇ ಗೊತ್ತಾಯ್ತು, ದುಡ್ಡು ಮಾತ್ರ ಬರಲಿಲ್ಲ.

ಸರಿ, ಮೆನು. ಸಿಂಪಿಯ ಹೆಸರೆಲ್ಲ ಊರಿನ ಹೆಸರುಗಳೇ. ಬ್ಲೂ ಪಾಯಿಂಟ್ ಅಂದರೆ ಲಾಂಗ್ ಐಲ್ಯಾಂಡ್ ಕಡೆದು, ವೆಲ್‌ಫ್ಲೀಟ್ ಅಂದರೆ ಮ್ಯಾಸಚೂಸೆಟ್ಸ್‌ನದು. ತಮಾಷೆ ಏನಂದರೆ ಇವೆರಡೂ ಒಂದೇ ಜಾತಿ, ಕ್ರಾಸೋಸ್ಟ್ರಿಯಾ ವರ್ಜಿನಿಕಾ. ರುಚಿ ಬೇರೆ ಆಗೋದು ನೀರಿನಿಂದ: ಎಷ್ಟು ಉಪ್ಪು, ಎಷ್ಟು ತಂಪು, ತಿನ್ನೋಕೆ ಎಂಥ ಪಾಚಿ ಸಿಕ್ತು ಅನ್ನೋದರಿಂದ. ಪೆಸಿಫಿಕ್ ಕಡೆಯವು ಬೇರೆ ಜಾತಿ. ಅವುಗಳಲ್ಲಿ ಉಪ್ಪು ಕಮ್ಮಿ, ಸ್ವಲ್ಪ ಸೌತೆಕಾಯಿ ವಾಸನೆ ಇರುತ್ತೆ ಅಂತಾರೆ, ನನಗೂ ಹಾಗೇ ಅನ್ನಿಸ್ತು. ಮೊದಲ ಸಲ ಹೋದವರು ಆರು ತಗೊಳ್ಳಿ, ಎರಡು ಮೂರು ಊರಿನದು ಮಿಕ್ಸ್ ಮಾಡಿ. ಉಪ್ಪು ಕಮ್ಮಿ ಇರೋದರಿಂದ ಜಾಸ್ತಿ ಇರೋ ಕಡೆಗೆ ತಿಂತಾ ಹೋಗಿ. ಮೊದಲನೆಯದಕ್ಕೆ ಏನೂ ಹಾಕ್ಕೋಬೇಡಿ. ಆಮೇಲೆ ಬೇಕಾದರೆ ನಿಂಬೆಹಣ್ಣು, ಇಲ್ಲಾ ವಿನಿಗರ್‌ಗೆ ಸಣ್ಣ ಈರುಳ್ಳಿ ಹೆಚ್ಚಿ ಹಾಕಿದ ಸಾಸ್. ಚಿಪ್ಪನ್ನೇ ಎತ್ತಿ ತುಟಿಗಿಟ್ಟು, ಒಳಗಿನ ಉಪ್ಪುನೀರಿನ ಸಮೇತ ಬಾಯಿಗೆ ಜಾರಿಸಿ, ಎರಡು ಸಲ ಅಗಿಯಬೇಕು. ಹಾಗೇ ನುಂಗಿದರೆ ಸಮುದ್ರದಲ್ಲಿ ಮುಳುಗಿ ಎದ್ದ ಹಾಗೆ ಆಗುತ್ತೆ, ರುಚಿ ಗೊತ್ತಾಗಲ್ಲ.

ಬಿಡಿಸೋದನ್ನ ನೋಡಬೇಕು. ನಮ್ಮ ಮುಂದೆ ಇದ್ದ ಅಂಕಲ್ ಒಂದು ನಿಮಿಷದಲ್ಲಿ ಎಷ್ಟೋ ಬಿಡಿಸಿ ಬಿಸಾಕ್ತಾ ಇದ್ದರು. ಚಾಕು ಗಿಡ್ಡ, ದಪ್ಪ, ಮೊಂಡು. ಗುಳಿ ಇರೋ ಚಿಪ್ಪು ಕೆಳಗೆ ಬರಬೇಕು, ಇಲ್ಲಾಂದ್ರೆ ನೀರು ಚೆಲ್ಲುತ್ತೆ. ಚೂಪಾದ ತುದಿಯಲ್ಲಿ ಎರಡು ಚಿಪ್ಪು ಸೇರೋ ಹಿಂಜ್ ಇದೆ. ಅಲ್ಲಿ ಚಾಕುವಿನ ಮೊನೆ ಕೂರಿಸಿ ತಿರುಗಿಸಬೇಕು, ಒತ್ತಬಾರದು. ಒತ್ತಿದರೆ ಜಾರಿ ಅಂಗೈಗೆ ಹೋಗುತ್ತೆ, ತಿರುಗಿಸಿದರೆ ಟಾರ್ಕ್ ಕೆಲಸ ಮಾಡುತ್ತೆ. ಟಕ್ ಅಂತ ಬಿಟ್ಟ ಮೇಲೆ ಮೇಲಿನ ಚಿಪ್ಪಿನ ಒಳಮೈಗೆ ಚಾಕು ಸವರಿ ಸ್ನಾಯು ಕೊಯ್ದರೆ ಮುಗೀತು.

ಈ ಸ್ನಾಯುವೇ ನನಗೆ ಇಷ್ಟವಾದ ಭಾಗ. ಸಿಂಪಿಯ ಹಿಂಜ್‌ನಲ್ಲಿ ರಬ್ಬರ್‌ನಂಥ ಒಂದು ಲಿಗಮೆಂಟ್ ಇದೆ. ಅದು ಸ್ಪ್ರಿಂಗ್ ಥರ ಯಾವಾಗಲೂ ಚಿಪ್ಪನ್ನ ತೆರೆಯೋಕೆ ನೋಡುತ್ತೆ. ಮುಚ್ಚಿಡೋದು ಸ್ನಾಯು. ಅಂದರೆ ಇದು ನಮ್ಮ ಲ್ಯಾಬ್‌ನ ನಾರ್ಮಲಿ ಓಪನ್ ಸೊಲೆನಾಯ್ಡ್ ವಾಲ್ವ್. ಕರೆಂಟ್ ಇದ್ದರೆ ಕ್ಲೋಸ್, ಹೋದರೆ ಓಪನ್. ಸಿಂಪಿ ಸತ್ತರೆ ಸ್ನಾಯು ಸಡಿಲ ಆಗುತ್ತೆ, ಚಿಪ್ಪು ಬಾಯಿ ಬಿಡುತ್ತೆ. ಆದ್ದರಿಂದಲೇ ಬಾಯಿ ಬಿಟ್ಟಿರೋದನ್ನ ಬೆರಳಲ್ಲಿ ತಟ್ಟಿ ನೋಡ್ತಾರೆ. ಮುಚ್ಚಿಕೊಂಡರೆ ಬದುಕಿದೆ, ಇಲ್ಲದಿದ್ದರೆ ಬುಟ್ಟಿಗೆ. ಸ್ನಾಯುವಿನಲ್ಲೂ ಎರಡು ಭಾಗ: ಒಂದು ಪಟ್ಟನೆ ಮುಚ್ಚೋಕೆ, ಇನ್ನೊಂದು ಹೆಚ್ಚು ಶಕ್ತಿ ಖರ್ಚು ಮಾಡದೇ ಬಹಳ ಹೊತ್ತು ಹಿಡಿದಿಡೋಕೆ. ಅದಕ್ಕೇ ನೀರಿಂದ ತೆಗೆದ ಮೇಲೂ ತಂಪಲ್ಲಿಟ್ಟರೆ ದಿನಗಟ್ಟಲೆ ಬದುಕುತ್ತೆ. ಆದರೆ ಸಿಹಿನೀರಲ್ಲಿ ಮುಳುಗಿಸಿಟ್ಟರೆ ಸಾಯುತ್ತೆ, ಹಾಗಾಗಿ ಐಸ್ ಕರಗಿದ ನೀರು ಕೆಳಗೆ ಹರಿದು ಹೋಗಬೇಕು.

ಈಗ ಭಾವನ ವಿಷಯ. ಭಾವನಿಗೆ ಹೋದ ವರ್ಷ ಲಿವರ್ ತೊಂದರೆ ಅಂತ ಗೊತ್ತಾಗಿತ್ತು. ಮಾತ್ರೆ ನಡೀತಾ ಇದೆ. ಅವರು ಆಫೀಸಿನವರ ಜೊತೆ ಎಷ್ಟೋ ವರ್ಷದಿಂದ ಇಲ್ಲಿ ತಿನ್ನೋರು, ಅವತ್ತೂ ತಮಗೊಂದು ಡಜನ್ ಹೇಳೋಕೆ ಹೊರಟರು. ಅಕ್ಕ ಮೆನುವಿನ ಕೆಳಗಡೆ ಇರುವೆ ಸಾಲಿನಂಥ ಅಕ್ಷರ ಓದ್ತಾ ಕೂತಿದ್ದಳು. ಹಸಿ ಚಿಪ್ಪುಮೀನಿನ ಬಗ್ಗೆ ಅಲ್ಲಿ ಎಚ್ಚರಿಕೆ ಹಾಕಿರ್ತಾರೆ. "ರೀ, ಇದು ನಿಮಗೇ ಬರೆದಿರೋ ಹಾಗಿದೆ" ಅಂದಳು. ಭಾವ "ನಿಂಬೆಹಣ್ಣು ಹಿಂಡಿದರೆ ಎಲ್ಲಾ ಸಾಯುತ್ತೆ ಬಿಡೇ" ಅಂದರು. ಅಕ್ಕ ಮೆನು ಕೆಳಗಿಟ್ಟು, "ಯಾರು ಸಾಯೋದು?" ಅಂದಳು.

ಕೌಂಟರ್‌ನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಂಕಲ್ ಕೂಡ ಚಾಕು ನಿಲ್ಲಿಸಿ ನೋಡಿದರು, ಕನ್ನಡ ಬರದಿದ್ದರೂ.

ಆ ರಾತ್ರಿ ನಾನು ಕೂತು ಓದಿದೆ, ಅಕ್ಕ ಹೇಳಿದ್ದೇ ಸರಿ. ಯಾಕೆ ಅಂತ ತಿಳಿಯೋಕೆ ನೂರು ವರ್ಷ ಹಿಂದೆ ಹೋಗಬೇಕು. ನ್ಯೂಯಾರ್ಕ್ ಬಂದರಿನ ನೀರೆಲ್ಲ ಒಂದು ಕಾಲದಲ್ಲಿ ಸಿಂಪಿಯ ಹಾಸಿಗೆ. ಅಲ್ಲಿ ಸಿಂಪಿ ಬಡವರ ತಿಂಡಿ, ತಳ್ಳುಗಾಡಿಯಲ್ಲಿ ಮಾರ್ತಿದ್ದರು, ನೆಲಮಾಳಿಗೆಗಳಲ್ಲೂ ಸಿಗ್ತಿತ್ತು. ಥಾಮಸ್ ಡೌನಿಂಗ್ ಅನ್ನೋ ಕರಿಯ ಜನಾಂಗದ ವ್ಯಾಪಾರಿ 1825ರಲ್ಲಿ ಬ್ರಾಡ್ ಸ್ಟ್ರೀಟ್‌ನಲ್ಲಿ ಅಂಥದ್ದೊಂದು ನೆಲಮಾಳಿಗೆ ತೆರೆದರು. ಆಗಿನ್ನೂ ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಪೂರ್ತಿ ಹೋಗಿರಲಿಲ್ಲ, ಹೋಗಿದ್ದು 1827ರಲ್ಲಿ. ಮೇಲೆ ಬ್ಯಾಂಕಿನವರು, ರಾಜಕಾರಣಿಗಳು ಸಿಂಪಿ ತಿಂತಾ ಇದ್ದರೆ, ಅದೇ ಕಟ್ಟಡದ ಕೆಳಗೆ ದಕ್ಷಿಣದಿಂದ ತಪ್ಪಿಸಿಕೊಂಡು ಬಂದ ಗುಲಾಮರನ್ನ ಡೌನಿಂಗ್ ಬಚ್ಚಿಡ್ತಿದ್ದರು. ಇದರ ಮೇಲೆ ಯಾಕೆ ಇನ್ನೂ ದೊಡ್ಡ ಸಿನಿಮಾ ಬಂದಿಲ್ಲವೋ.

ಊರು ಬೆಳೀತು, ಚರಂಡಿ ನೀರು ನೇರ ಬಂದರಿಗೆ ಹೋಯ್ತು. ಸಿಂಪಿ ತಿನ್ನೋದು ನೀರು ಸೋಸಿ. ಒಳ್ಳೆ ಸ್ಥಿತಿಯಲ್ಲಿ ದೊಡ್ಡದೊಂದು ಸಿಂಪಿ ದಿನಕ್ಕೆ 190 ಲೀಟರ್‌ವರೆಗೂ ಸೋಸಬಹುದು, ಅಂದರೆ ನಮ್ಮ ಹಾಸ್ಟೆಲ್‌ನ 20 ಲೀಟರ್ ಕ್ಯಾನ್ ಒಂಬತ್ತೂವರೆ. ಫಿಲ್ಟರ್ ಅಂದರೆ ನಮಗೆ ಖುಷಿ. ಆದರೆ ಫಿಲ್ಟರ್‌ನಲ್ಲಿ ಸಿಕ್ಕಿದ್ದು ಎಲ್ಲಿ ಹೋಗುತ್ತೆ? ಅದರ ಹೊಟ್ಟೆಗೆ. ಬೇಯಿಸದೇ ತಿಂದರೆ ನಿಮ್ಮ ಹೊಟ್ಟೆಗೆ. 1924-25ರ ಚಳಿಗಾಲದಲ್ಲಿ ನ್ಯೂಯಾರ್ಕ್, ಶಿಕಾಗೊ, ವಾಷಿಂಗ್ಟನ್‌ಗಳಲ್ಲಿ ಸಿಂಪಿಯಿಂದ ಟೈಫಾಯ್ಡ್ ಹರಡಿತು. ಸುಮಾರು 1500 ಜನಕ್ಕೆ ಬಂತು, ಸುಮಾರು 150 ಜನ ಸತ್ತರು. 1925ರಲ್ಲಿ ಅಮೆರಿಕದ ಸರ್ಕಾರ, ರಾಜ್ಯಗಳು, ವ್ಯಾಪಾರಿಗಳು ಕೂತು ಚಿಪ್ಪುಮೀನಿಗೆ ಒಂದು ನೈರ್ಮಲ್ಯ ವ್ಯವಸ್ಥೆ ಮಾಡಿದರು. ಅದರ ತಿರುಳು ಸರಳ: ತಟ್ಟೆಯಲ್ಲಿರೋ ಸಿಂಪಿಯನ್ನ ಪರೀಕ್ಷೆ ಮಾಡೋದಕ್ಕಿಂತ ಅದು ಬೆಳೆದ ನೀರನ್ನ ಪರೀಕ್ಷೆ ಮಾಡು.

ಈ ವ್ಯವಸ್ಥೆಯ ಮುಖ್ಯ ಪಾರ್ಟ್ ಒಂದು ಚೀಟಿ. ಪ್ರತಿ ಮೂಟೆಗೂ ಒಂದು ಟ್ಯಾಗ್: ಯಾರು ತೆಗೆದರು, ಯಾವ ನೀರಿಂದ, ಯಾವ ತಾರೀಕು. ಮೂಟೆ ಖಾಲಿ ಆದ ಮೇಲೂ ಹೋಟೆಲ್‌ನವರು ಅದನ್ನ 90 ದಿನ ಇಟ್ಟುಕೊಳ್ಳಬೇಕು. ಯಾಕೆ 90? ಹೆಪಟೈಟಿಸ್ ಎ ಅಂಟಿದ ಮೇಲೆ ಕಾಣಿಸಿಕೊಳ್ಳೋಕೆ 50 ದಿನದವರೆಗೂ ಹಿಡಿಯಬಹುದು. ಆಮೇಲೆ ಡಾಕ್ಟರ್, ರಿಪೋರ್ಟ್, ವಿಚಾರಣೆ ಅಂತ ಟೈಮ್ ಬೇಕಲ್ಲ. ನಾನು ಅಂಕಲ್‌ನ ಕೇಳಿದ್ದಕ್ಕೆ ಟ್ಯಾಗ್ ತೋರಿಸಿದರು. ಒದ್ದೆ ಆದ ರಟ್ಟು, ಮೀನಿನ ವಾಸನೆ. ಆ ಹೋಟೆಲ್‌ನಲ್ಲಿ ನನಗೆ ಅತಿ ಸುಂದರವಾಗಿ ಕಂಡಿದ್ದು ಅದು, ಛಾವಣಿ ಎರಡನೆಯದು.

ಆದರೂ ಭಾವನಿಗೆ ಟ್ಯಾಗ್ ಸಾಲದು. ವಿಬ್ರಿಯೊ ವಲ್ನಿಫಿಕಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಅದು ಚರಂಡಿಯಿಂದ ಬರೋದಲ್ಲ, ಬೆಚ್ಚಗಿನ ಸಮುದ್ರದ ನೀರಲ್ಲಿ ತಾನಾಗೇ ಇರುತ್ತೆ. ಬೇಸಿಗೆಯಲ್ಲಿ ಜಾಸ್ತಿ. ಸಿಂಪಿ ನೋಡೋಕೆ, ಮೂಸೋಕೆ ಏನೂ ವ್ಯತ್ಯಾಸ ಗೊತ್ತಾಗಲ್ಲ. ಗಟ್ಟಿಮುಟ್ಟಾಗಿರೋರಿಗೆ ಸಾಮಾನ್ಯವಾಗಿ ಹೊಟ್ಟೆ ಕೆಟ್ಟು ಹೋಗುತ್ತೆ, ಲಿವರ್ ಕಾಯಿಲೆ ಇರೋರಿಗೆ ರಕ್ತಕ್ಕೇ ಸೇರಿ ಜೀವ ಹೋಗಬಹುದು. ನಿಂಬೆಹಣ್ಣು, ಖಾರದ ಸಾಸ್, ಆಲ್ಕೋಹಾಲ್ ಯಾವುದೂ ಅದನ್ನ ಕೊಲ್ಲಲ್ಲ. ಕೊಲ್ಲೋದು ಬಿಸಿ ಒಂದೇ. ಭಾವನಂಥವರ ಜೊತೆಗೆ ಗರ್ಭಿಣಿಯರು, ಇಮ್ಯೂನಿಟಿ ಕಮ್ಮಿ ಇರೋರು ಕೂಡ ಹಸಿ ತಿನ್ನಬಾರದು. ಇದನ್ನ ಓದ್ತಾ ಇರೋರಲ್ಲಿ ಮುಂದೆ ಎಂಎಸ್‌ಗೆ ಅಂತ ಅಮೆರಿಕಕ್ಕೆ ಹೋಗೋರು ಎಷ್ಟೋ ಜನ ಇದ್ದೀರ. ಅಪ್ಪ ಅಮ್ಮ ನೋಡೋಕೆ ಬಂದಾಗ "ಇಲ್ಲಿನ ಸ್ಪೆಷಲ್" ಅಂತ ಕರ್ಕೊಂಡು ಹೋಗೋ ಮುಂಚೆ ಅವರ ಮಾತ್ರೆ ಡಬ್ಬಿ ನೆನಪು ಮಾಡ್ಕೊಳ್ಳಿ.

ಭಾವ ಏನು ತಿಂದರು ಅಂದರೆ, ಪ್ಯಾನ್ ರೋಸ್ಟ್. ಹೆಸರಿಗೆ ರೋಸ್ಟ್, ನಿಜವಾಗಿ ಸೂಪ್. ಬೆಣ್ಣೆ, ಚಿಲ್ಲಿ ಸಾಸ್, ಕೆನೆ ಹಾಕಿ ಸಿಂಪಿ ಬೇಯಿಸಿ, ಟೋಸ್ಟ್ ಮೇಲೆ ಸುರಿದು ಕೊಡ್ತಾರೆ. ಅದನ್ನ ಮಾಡೋದು ಕೌಂಟರ್‌ನಲ್ಲೇ ಇರೋ ಹಳೇ ಸ್ಟೀಮ್ ಕೆಟಲ್‌ಗಳಲ್ಲಿ. ಎರಡು ಗೋಡೆಯ ಪಾತ್ರೆ, ಮಧ್ಯೆ ಹಬೆ, ಕೆಳಗೆ ಉರಿ ಇಲ್ಲ. ಹಬೆ ಗೋಡೆಗೆ ತಾಗಿ ನೀರಾಗುವಾಗ ಲೇಟೆಂಟ್ ಹೀಟ್ ಕೊಡುತ್ತೆ, ಪಾತ್ರೆ ಎಲ್ಲಾ ಕಡೆ ಒಂದೇ ಸಮ ಬಿಸಿ ಆಗುತ್ತೆ, ಹಾಲು ಕೆನೆ ತಳ ಹಿಡಿಯಲ್ಲ. ಪೂರ್ತಿ ಬೆಂದಿರಬೇಕು ಅಂತ ಅಕ್ಕ ಎರಡು ಸಲ ಹೇಳಿದಳು. ಭಾವ ಮೊದಲು ಮುಖ ಊದಿಸಿಕೊಂಡಿದ್ದರು, ಅರ್ಧ ಬಟ್ಟಲು ಆದ ಮೇಲೆ ನನಗೂ ಒಂದು ಚಮಚ ಕೊಟ್ಟರು. ನಿಜ ಹೇಳ್ತೀನಿ, ನನ್ನ ಆರು ಹಸಿ ಸಿಂಪಿಗಿಂತ ಅದೇ ಚೆನ್ನಾಗಿತ್ತು.

ತಿಂದ ಚಿಪ್ಪು ಏನಾಗುತ್ತೆ? ಆ ಊರಲ್ಲಿ ಬಿಲಿಯನ್ ಆಯ್ಸ್ಟರ್ ಪ್ರಾಜೆಕ್ಟ್ ಅಂತ 2014ರಲ್ಲಿ ಶುರುವಾಗಿದೆ. ಹೋಟೆಲ್‌ಗಳಿಂದ ಚಿಪ್ಪು ತಂದು, ತಿಂಗಳುಗಟ್ಟಲೆ ಬಿಸಿಲು ಮಳೆಗೆ ಒಡ್ಡಿ, ಅದರ ಮೇಲೆ ಸಿಂಪಿ ಮರಿಗಳನ್ನ ಕೂರಿಸಿ ಬಂದರಿಗೆ ಬಿಡ್ತಾರೆ. 2035ರ ಹೊತ್ತಿಗೆ ನೂರು ಕೋಟಿ ಗುರಿ. ತಿನ್ನೋಕಲ್ಲ, ನೀರು ಸೋಸೋಕೆ, ಅಲೆ ತಡೆಯೋಕೆ. ಆ ಊರಿನ ಬಂದರಿನ ಸಿಂಪಿ ಇವತ್ತಿಗೂ ತಿನ್ನೋ ಹಾಗಿಲ್ಲ. ಮೆನುವಿನಲ್ಲಿ ಇರೋದೆಲ್ಲ ದೂರದಿಂದ ಬರೋದು.

ನನ್ನ ಅಜ್ಜಿ ಮನೆ ಕುಮಟಾ ಹತ್ತಿರ, ಅಘನಾಶಿನಿ ಸಮುದ್ರ ಸೇರೋ ಕಡೆ. ಅಲ್ಲಿ ಸಿಂಪಿಗೆ ಕೊಂಕಣಿ ಮಾತಾಡೋರು ಕಲ್ವ ಅಂತಾರೆ, ನಾವೂ ಹಾಗೇ ಅನ್ನೋದು. ಜಾತಿ ಬೇರೆ, ಮನೆತನ ಒಂದೇ. ಅಜ್ಜಿ ನೀರು ಇಳಿದಾಗ ಬಂಡೆಯಿಂದ ಬಿಡಿಸಿ ತಂದು, ಬೇಯಿಸಿ, ತೆಂಗಿನಕಾಯಿ ಹಾಕಿ ಸುಕ್ಕಾ ಮಾಡ್ತಾರೆ. ಮಳೆಗಾಲದಲ್ಲಿ ತರೋದಿಲ್ಲ, ನದಿ ಎಲ್ಲಾ ಕೊಳೆ ಹೊತ್ತು ತರುತ್ತೆ ಅಂತಾರೆ. ಟ್ಯಾಗೂ ಇಲ್ಲ, ಲ್ಯಾಬೂ ಇಲ್ಲ. ಯಾವ ಬಂಡೆ, ಯಾವ ತಿಂಗಳು ಅನ್ನೋದು ಅವರ ತಲೆಯಲ್ಲೇ ಇದೆ.

ಅವತ್ತು ರಾತ್ರಿ ಅಜ್ಜಿಗೆ ವಿಡಿಯೋ ಕಾಲ್ ಮಾಡಿ, ಹಸಿ ಕಲ್ವ ತಿಂದೆ ಅಂದೆ. "ಬೇಯಿಸದೇ ತಿಂದ್ಯಾ? ಸೌದೆ ಇರಲಿಲ್ವಾ ಅವರಿಗೆ?" ಅಂದರು. ಒಂದಕ್ಕೆ ಸುಮಾರು ನಾಲ್ಕು ಡಾಲರ್ ಅಂದೆ. ರೂಪಾಯಿಯಲ್ಲಿ ಎಷ್ಟು ಅಂತ ಕೇಳಿದರು, ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಭಾವ ಎಷ್ಟು ತಿಂದ ಅಂತ ಕೇಳಿದರು. ಒಂದೂ ಹಸಿ ತಿನ್ನಲಿಲ್ಲ, ಅಕ್ಕ ಬಿಡಲಿಲ್ಲ ಅಂದೆ. "ಹಾಂ, ಅವಳಿಗೆ ಫೋನ್ ಕೊಡು" ಅಂದರು.